ಹಜಾರ್ಡಸ್ ಲೈಸೆನ್ಸ್: ಮೂರು ದಿನದ ತರಬೇತಿಗೆ ಹೋಗುವ ಮುಂಚೆ ಏನು ಓದಿಕೊಳ್ಳಬೇಕು?

ಪ್ರಶ್ನೆ: ನಾನು ಮುಧೋಳದ ಕಡೆಯವನು. ಬಹಳ ವರ್ಷದಿಂದ ಹೆವಿ ಲೈಸೆನ್ಸ್ ಇದೆ. ಸಕ್ಕರೆ, ಸಿಮೆಂಟ್ ಲೋಡು ಹೊಡೆಯುತ್ತೇನೆ. ಈಗ ಒಬ್ಬ ಟ್ರಾನ್ಸ್‌ಪೋರ್ಟ್ ಮಾಲೀಕರು ಎಥನಾಲ್ ಟ್ಯಾಂಕರ್ ಓಡಿಸಲು ಕರೆದಿದ್ದಾರೆ, ಡಿಎಲ್ ಮೇಲೆ ಹಜಾರ್ಡಸ್ (ಅಪಾಯಕಾರಿ ಸರಕು ಸಾಗಿಸುವ ಅನುಮತಿ) ಹಾಕಿಸಿಕೊಂಡು ಬಾ ಅಂದಿದ್ದಾರೆ. ನಾನು ಓದಿದ್ದು ಆರನೇ ಕ್ಲಾಸು. ಕನ್ನಡ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ. ಓದಿನ ಷರತ್ತೇ ಹೋಗಿದೆ ಎಂದು ಒಬ್ಬರು ಹೇಳಿದರೆ, ಇಂಗ್ಲಿಷ್ ಬಾರದವರಿಗೆ ಕೊಡುವುದೇ ಇಲ್ಲ ಎಂದು ಇನ್ನೊಬ್ಬರು. ಯೂಟ್ಯೂಬಿನಲ್ಲಿ ಪರೀಕ್ಷೆಯ ವಿಡಿಯೊ ನೋಡಿದರೆ ಬರೀ ನಂಬರು, ಪೌಂಡು ಲೆಕ್ಕ, ತಲೆ ತಿರುಗುತ್ತದೆ. ಏಜೆಂಟ್ ಒಬ್ಬ, ತರಬೇತಿಗೆ ಹೋಗುವುದೇ ಬೇಡ, ಸರ್ಟಿಫಿಕೇಟ್ ಕೈಗೆ ತಂದುಕೊಡುತ್ತೇನೆ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಚಿಂತೆ ಒಂದಕ್ಕೊಂದು ಸಿಕ್ಕಿಕೊಂಡಿವೆ. ಓದು ಸಾಕೇ, ಇಷ್ಟೆಲ್ಲ ನಂಬರು ತಲೆಯಲ್ಲಿ ನಿಲ್ಲುತ್ತದೆಯೇ, ಅಡ್ಡದಾರಿ ಹಿಡಿದರೆ ಏನಾಗುತ್ತದೆ. ಒಂದೊಂದಾಗಿ ಬಿಡಿಸೋಣ.

ಓದಿನ ವಿಷಯದಲ್ಲಿ ನಿಮಗೆ ಹೇಳಿದ ಇಬ್ಬರೂ ಅರ್ಧರ್ಧ ಸರಿ. ಟ್ರಾನ್ಸ್‌ಪೋರ್ಟ್ ವಾಹನ ಓಡಿಸುವವರು ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ಷರತ್ತನ್ನು 2019ರಲ್ಲಿ ತೆಗೆದುಹಾಕಿದ್ದು ನಿಜ. ಆದರೆ ಅಪಾಯಕಾರಿ ಸರಕಿನ ಚಾಲಕರಿಗೆ ಅನ್ವಯಿಸುವುದು ಬೇರೆ ನಿಯಮ, ಅಂದರೆ ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 9ನೇ ನಿಯಮ. ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು ಎನ್ನುತ್ತದೆ ಅದು. ಕನ್ನಡ ಆ ಅನುಸೂಚಿಯಲ್ಲಿದೆ, ಅಲ್ಲಿಗೆ ಒಂದು ಮುಗಿಯಿತು. ಇಂಗ್ಲಿಷ್ ಷರತ್ತು ಮಾತ್ರ ಎಲ್ಲಿಗೂ ಹೋಗಿಲ್ಲ. ಮಾರ್ಕ್ಸ್ ಕಾರ್ಡ್ ಇಲ್ಲ ಎಂಬ ಕಾರಣಕ್ಕೆ ನಿಮ್ಮನ್ನು ತಡೆಯುವಂತಿಲ್ಲ. ಇಂಗ್ಲಿಷ್ ಓದಲು ಬರುವುದೇ ಇಲ್ಲ ಎಂದರೆ ತಡೆಯಬಹುದು.

ಆ ಇಂಗ್ಲಿಷ್ ಎಷ್ಟು ಬೇಕು? ಪತ್ರಿಕೆ ಓದುವಷ್ಟು ಬೇಕಿಲ್ಲ. ಟ್ಯಾಂಕರಿನ ಮೈಮೇಲೆ, ಟ್ರೆಮ್ ಕಾರ್ಡಿನಲ್ಲಿ (ಸರಕಿನ ಅಪಾಯ, ಪರಿಹಾರ ಬರೆದು ಕ್ಯಾಬಿನ್‌ನಲ್ಲಿ ಇಡುವ ಹಾಳೆ), ಡಿಪೋ ಗೇಟಿನಲ್ಲಿ ಮತ್ತೆ ಮತ್ತೆ ಕಾಣುವ ಐವತ್ತು ಅರವತ್ತು ಪದಗಳಿವೆ: ಫ್ಲೇಮಬಲ್, ಟಾಕ್ಸಿಕ್, ಕರೋಸಿವ್, ಆಕ್ಸಿಡೈಸರ್, ಸ್ಪಿಲ್, ಲೀಕ್, ವಾಲ್ವ್, ವೆಂಟ್, ಅರ್ತಿಂಗ್, ಫಸ್ಟ್ ಏಡ್, ಕನ್‌ಸೈನರ್, ಹೀಗೆ. ಇವುಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ನೋಡಿದ ಕೂಡಲೇ ಗುರುತಿಸಲು, ಒಂದು ಸಲ ಬರೆದು ತೋರಿಸಲು ಬಂದರೆ ಕೆಲಸ ಆಗುತ್ತದೆ. ಬಹಳ ಜನ ಎಡವುವ ಜಾಗ ಒಂದಿದೆ. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಬೆಂಕಿ ಹಿಡಿಯುವಂಥದ್ದೇ. ಎದುರಿಗೆ ನಾನ್ ಎಂದಿದ್ದರೆ ಮಾತ್ರ ಉಲ್ಟಾ. ದಿನಾ ಅರ್ಧ ಗಂಟೆ ಕೂತರೆ ಮೂರು ನಾಲ್ಕು ವಾರದಲ್ಲಿ ಕಲಿಯುವಷ್ಟೇ ಇದೆ ಇದು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರಿಂದಲೇ ಹೇಳಿಸಿಕೊಳ್ಳಿ, ನಾಚಿಕೆ ಬೇಡ.

ಯೂಟ್ಯೂಬಿನಲ್ಲಿ ನೀವು ನೋಡಿದ್ದು ಬಹುಶಃ ಅಮೆರಿಕದ ಪರೀಕ್ಷೆ. ಪೌಂಡು ಲೆಕ್ಕ ಎಂದಿದ್ದೀರಿ, ಅದರಿಂದಲೇ ಗೊತ್ತಾಗುತ್ತದೆ. ಅಲ್ಲಿ ಹಲವು ವರ್ಗದ ಸರಕಿಗೆ 1,001 ಪೌಂಡ್ ಆದ ಮೇಲೆ ಮಾತ್ರ ವಾಹನಕ್ಕೆ ಅಪಾಯ ಸೂಚಿಸುವ ಫಲಕ ಹಚ್ಚಬೇಕು, ಹಚ್ಚುವುದು ನಾಲ್ಕೂ ಕಡೆ. ನಮ್ಮಲ್ಲಿ ಫಲಕ ಮೂರು ಕಡೆ, ಎರಡು ಬದಿ ಮತ್ತು ಹಿಂಭಾಗ. ಆ ವಿಡಿಯೊ ಬಾಯಿಪಾಠ ಮಾಡಿದವರು ಇಲ್ಲಿ ನಾಲ್ಕು ಎಂದು ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ವರ್ಗಗಳ ಬಣ್ಣ, ಚಿತ್ರ ಗುರುತಿಸಲು ಆ ವಿಡಿಯೊಗಳು ಪರವಾಗಿಲ್ಲ, ಏಕೆಂದರೆ ಅವು ವಿಶ್ವಸಂಸ್ಥೆಯ ಪದ್ಧತಿಯಂತೆ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಉಳಿದದ್ದನ್ನು ಮರೆತುಬಿಡಿ.

ನಮ್ಮಲ್ಲಿ ಮೊದಲ ಸಲಕ್ಕೆ ಮೂರು ದಿನದ ತರಬೇತಿ, ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ. ಪಠ್ಯಕ್ರಮ 9ನೇ ನಿಯಮದಲ್ಲೇ ಇದೆ: ಎಚ್ಚರಿಕೆಯ ಚಾಲನೆ, ಮುಂದುವರಿದ ಚಾಲನಾ ಕೌಶಲ್ಯ, ಸರಕಿನ ಸುರಕ್ಷತೆ. ಕೊನೆಗೆ ಪರೀಕ್ಷೆ. ಅದು ಬರವಣಿಗೆಯೋ, ಗುರುತು ಹಾಕುವುದೋ, ಬಾಯಿ ಪ್ರಶ್ನೆಯೋ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ. ಸೇರುವಾಗಲೇ ಕೇಳಿಕೊಳ್ಳಿ, ಕನ್ನಡದಲ್ಲಿ ಉತ್ತರಿಸಬಹುದೇ ಎಂಬುದನ್ನೂ ಕೇಳಿ. ಬ್ರೇಕ್ ಹಿಡಿಯುವ ದೂರ, ರಾತ್ರಿ ಓಡಿಸುವುದು, ಇಳಿಜಾರು, ರೈಲ್ವೆ ಗೇಟು ನಿಮ್ಮಂಥ ಅನುಭವಸ್ಥರಿಗೆ ಹೊಸದಲ್ಲ. ಒಂದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಸಿಮೆಂಟ್ ಮೂಟೆ ತಿರುವಿನಲ್ಲಿ ಕೂತಲ್ಲೇ ಕೂತಿರುತ್ತದೆ, ಟ್ಯಾಂಕಿನೊಳಗಿನ ದ್ರವ ಕೂರುವುದಿಲ್ಲ. ಅರ್ಧ ತುಂಬಿದ ಕಂಪಾರ್ಟ್‌ಮೆಂಟ್ ಇದ್ದರೆ ತಿರುವಿನಲ್ಲಿ ದ್ರವ ಹೊರಬದಿಗೆ ಏರಿ ಗಾಡಿಯ ತೂಕವನ್ನೇ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ವೇಗ ಇಳಿಸುವುದು ತಿರುವಿಗೆ ಮುಂಚೆ, ತಿರುವಿನೊಳಗೆ ಬ್ರೇಕ್ ಒತ್ತುವುದಲ್ಲ.

ಜನ ಫೇಲಾಗುವುದು ಸರಕಿನ ಸುರಕ್ಷತೆಯ ಭಾಗದಲ್ಲಿ, ಅದರಲ್ಲೂ ಫಲಕ ಓದುವುದರಲ್ಲಿ. ಅಲ್ಲಿಂದಲೇ ಶುರು ಮಾಡಿ.

ಯಾವುದಾದರೂ ಟ್ಯಾಂಕರಿನ ಹಿಂದೆ ನಿಂತು ನೋಡಿ. ಸರಕಿನ ತಾಂತ್ರಿಕ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಇರಬೇಕು. ವರ್ಗದ ಸಂಖ್ಯೆ ಕನಿಷ್ಠ 100 ಮಿಲಿಮೀಟರ್ ಎತ್ತರ. ವಜ್ರಾಕಾರದ ಚಿತ್ರ, ಅಂದರೆ ಕ್ಲಾಸ್ ಲೇಬಲ್, ಕನಿಷ್ಠ 250 ಮಿಲಿಮೀಟರ್ ಚೌಕ. ಅದರ ಜೊತೆಗೆ ತುರ್ತು ಸೇವೆಯ ಹೆಸರು ಮತ್ತು ಫೋನ್, ಸರಕು ಕಳಿಸಿದವರ ಅಥವಾ ಅದರ ಬಗ್ಗೆ ತಿಳಿದು ಸಲಹೆ ಕೊಡಬಲ್ಲವರ ಹೆಸರು ಮತ್ತು ಫೋನ್. ಇದು 134ನೇ ನಿಯಮ. ಆ ಟ್ರಿಪ್ಪಿನಲ್ಲಿ ನಿಜವಾಗಿ ಹೊತ್ತಿರುವ ಸರಕಿನದ್ದೇ ಫಲಕ ಇರಬೇಕು, ಕೆಸರು ಮುಚ್ಚಿರಬಾರದು. ಈ 50, 100, 250 ಮೂರನ್ನು ನೆನಪಿಡಿ, ಇವು ಪ್ರಶ್ನೆಗೆ ಹೇಳಿ ಮಾಡಿಸಿದಂತಿವೆ.

ಯುಎನ್ ನಂಬರ್ ಎಂದರೆ ಪ್ರತಿ ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆ ಕೊಟ್ಟ ನಾಲ್ಕಂಕಿಯ ಗುರುತು. ಅದರ ಸಾವಿರಾರು ಸಾಲಿನ ಪಟ್ಟಿಯನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ, ಅಗ್ನಿಶಾಮಕದವರೂ ಕೈಪಿಡಿ ತೆಗೆದೇ ನೋಡುತ್ತಾರೆ. ನಮ್ಮ ರಸ್ತೆಯಲ್ಲಿ ಹೆಚ್ಚು ಓಡಾಡುವವು ಇಷ್ಟು: ಪೆಟ್ರೋಲ್ 1203, ಡೀಸೆಲ್ 1202, ಎಲ್‌ಪಿಜಿ 1075, ಎಥನಾಲ್ 1170, ಕ್ಲೋರಿನ್ 1017, ಅಮೋನಿಯಾ 1005, ಸಲ್ಫ್ಯೂರಿಕ್ ಆಸಿಡ್ 1830. ಇಷ್ಟು ಸಾಕು. ಆದರೆ ಯುಎನ್ ನಂಬರೇ ಬೇರೆ, ವರ್ಗದ ಸಂಖ್ಯೆಯೇ ಬೇರೆ. ಎಥನಾಲಿನ ಯುಎನ್ ನಂಬರ್ 1170, ವರ್ಗ 3. ವರ್ಗ ಒಂಬತ್ತೇ ಇರುವುದು: 1 ಸ್ಫೋಟಕ, 2 ಅನಿಲ, 3 ಬೆಂಕಿ ಹಿಡಿಯುವ ದ್ರವ, 4 ಬೆಂಕಿ ಹಿಡಿಯುವ ಘನ, ತಾನಾಗಿ ಹೊತ್ತಿಕೊಳ್ಳುವಂಥದ್ದು ಮತ್ತು ನೀರು ತಾಗಿದರೆ ಅಪಾಯವಾಗುವಂಥದ್ದು, 5 ಆಕ್ಸಿಡೈಸರ್ ಮತ್ತು ಪೆರಾಕ್ಸೈಡ್, 6 ವಿಷ ಮತ್ತು ಸೋಂಕು, 7 ವಿಕಿರಣ, 8 ಆಸಿಡ್‌ನಂತೆ ಸುಡುವಂಥದ್ದು, 9 ಉಳಿದವು. ಕುದಿಯುವಷ್ಟು ಬಿಸಿಯಾಗಿ ಸಾಗಿಸುವ ಡಾಂಬರು 9ರಲ್ಲಿ ಬರುತ್ತದೆ. ಆಸಿಡ್ ಎಂದ ಕೂಡಲೇ 6 ಎಂದು ಬರೆಯುವವರು ಬಹಳ, ಅದು 8.

ಇನ್ನು ಹ್ಯಾಜ್‌ಕೆಮ್ ಕೋಡ್, ಅಂದರೆ ಬೆಂಕಿ, ಸೋರಿಕೆಯಾದಾಗ ಏನು ಮಾಡಬೇಕೆಂದು ಹೇಳುವ ಟ್ಯಾಂಕರ್ ಮೇಲಿನ ಗುರುತು. ನೋಡಲು ಗೂಢಲಿಪಿ, ಗುಟ್ಟು ತಿಳಿದರೆ ಐದು ನಿಮಿಷದ ಕೆಲಸ. ಪೆಟ್ರೋಲ್ ಟ್ಯಾಂಕರಿನ ಮೇಲೆ 3ವೈಇ ಎಂದಿರುತ್ತದೆ. ಮೊದಲ ಅಂಕಿ ಬೆಂಕಿಗೆ ಏನು ಹಾಕಬೇಕು ಎಂಬುದು: 1 ದಪ್ಪ ನೀರಿನ ಧಾರೆ, 2 ಮಂಜಿನಂಥ ಸಿಂಪಡಣೆ, 3 ನೊರೆ, 4 ನೀರೇ ತಾಗಿಸದೆ ಒಣ ಪುಡಿ. ಬರೆದ ಅಂಕಿಗಿಂತ ದೊಡ್ಡ ಅಂಕಿಯದ್ದು ಬಳಸಬಹುದು, ಚಿಕ್ಕದ್ದು ಬಳಸಬಾರದು. ಎರಡನೆಯದಾದ ಇಂಗ್ಲಿಷ್ ಅಕ್ಷರ ಎರಡು ಗುಂಪು. ಪಿ, ಆರ್, ಎಸ್, ಟಿ ಆದರೆ ಚೆಲ್ಲಿದ್ದನ್ನು ನೀರು ಬೆರೆಸಿ ತೆಳುಗೊಳಿಸಬಹುದು. ಡಬ್ಲ್ಯು, ಎಕ್ಸ್, ವೈ, ಝಡ್ ಆದರೆ ಹರಿಯದಂತೆ ಕಟ್ಟಿಹಾಕಬೇಕು. ಪ್ರತಿ ಗುಂಪಿನ ಮೊದಲ ಎರಡಕ್ಕೆ ಮೈ ಪೂರ್ತಿ ಮುಚ್ಚುವ ಉಡುಪು, ಕೊನೆಯ ಎರಡಕ್ಕೆ ಉಸಿರಾಟದ ಉಪಕರಣ ಬೇಕು. ಪಿ, ಎಸ್, ಡಬ್ಲ್ಯು, ವೈ ಇದ್ದರೆ ಸಿಡಿಯುವ, ರಭಸವಾಗಿ ಉರಿಯುವ ಸಂಭವವಿದೆ. ಕೊನೆಯಲ್ಲಿ ಇ ಇದ್ದರೆ ಸುತ್ತಲಿನ ಜನರನ್ನು ದೂರ ಕಳಿಸುವುದನ್ನು ಯೋಚಿಸಬೇಕು.

ನೀವು ಹೊರುವ ಎಥನಾಲಿಗೆ ಅಂಕಿಯ ಮುಂದೆ ಒಂದು ಚುಕ್ಕೆ ಇರುತ್ತದೆ: ಚುಕ್ಕೆ, 2ವೈಇ. ಪರೀಕ್ಷೆಯಲ್ಲಿ ಈ ಚುಕ್ಕೆಯನ್ನು ಬಹುತೇಕರು ನೋಡುವುದೇ ಇಲ್ಲ, ರಸ್ತೆಯಲ್ಲಿ ಅದೇ ಮುಖ್ಯ. ಪೆಟ್ರೋಲಿಗೆ ಹಾಕುವ ಮಾಮೂಲಿ ನೊರೆಯೊಳಗಿನ ನೀರನ್ನು ಆಲ್ಕೋಹಾಲ್ ಹೀರಿಕೊಳ್ಳುತ್ತದೆ, ನೊರೆ ಕುಸಿದು ಹೋಗುತ್ತದೆ. ಆದ್ದರಿಂದ ಆಲ್ಕೋಹಾಲ್ ತಡೆಯುವ ವಿಶೇಷ ನೊರೆ ಬೇಕು, ಸಿಗದಿದ್ದರೆ ಮಂಜಿನ ಸಿಂಪಡಣೆ. 112ಕ್ಕೆ ಫೋನ್ ಮಾಡುವಾಗ ಬರೀ ಟ್ಯಾಂಕರ್ ಎನ್ನದೆ ಎಥನಾಲ್ ಎಂದು ಹೇಳಿದರೆ ಅಗ್ನಿಶಾಮಕದವರು ಸರಿಯಾದ ನೊರೆ ತರಬಹುದು. ಇನ್ನೊಂದು ವಿಷಯ: ಎಥನಾಲಿನ ಜ್ವಾಲೆ ಹಗಲಿನ ಬಿಸಿಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹೊಗೆ ಇಲ್ಲ, ಬೆಂಕಿ ಇಲ್ಲ ಎಂದು ಹತ್ತಿರ ಹೋಗಬೇಡಿ. ನೀರು ಸುರಿದರೆ ಸರಿಹೋಯಿತು ಎಂಬುದೂ ತಪ್ಪು. ನಾಲ್ಕು ಪಾಲು ನೀರು ಬೆರೆತ ಎಥನಾಲ್ ಕೂಡ ಕಾದ ರಸ್ತೆಯ ಮೇಲೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಚರಂಡಿಗೆ ತೊಳೆದು ಬಿಟ್ಟರೆ ಬೆಂಕಿಯೂ ಚರಂಡಿಯ ಜೊತೆ ಹೋಗುತ್ತದೆ. ಪಠ್ಯಕ್ರಮದಲ್ಲಿ ಬಾವಿ, ನದಿ, ಕೆರೆ ಕಾಪಾಡುವುದು ಎಂದೇ ಒಂದು ಸಾಲಿದೆ. ಮಣ್ಣು, ಮರಳು ಹಾಕಿ ಒಡ್ಡು ಕಟ್ಟುವುದು ಅದಕ್ಕೆ ಉತ್ತರ.

ಖಾಲಿ ಟ್ಯಾಂಕರ್ ಸುರಕ್ಷಿತವೇ ಎಂಬ ಪ್ರಶ್ನೆಗೆ ಹೌದು ಎಂದು ಬರೆದರೆ ಹೋಯಿತು. ಉರಿಯುವುದು ದ್ರವ ಅಲ್ಲ, ಅದರ ಆವಿ; ಅದೂ ಗಾಳಿಯ ಜೊತೆ ಒಂದು ಪ್ರಮಾಣದಲ್ಲಿ ಬೆರೆತಾಗ ಮಾತ್ರ. ಪೆಟ್ರೋಲಿಗೆ ಆ ಪ್ರಮಾಣ ಸುಮಾರು ಶೇ 1.4ರಿಂದ 7.6. ತುಂಬಿದ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಆವಿ ಅದಕ್ಕಿಂತ ದಟ್ಟವಾಗಿರುತ್ತದೆ, ಹೊತ್ತಿಕೊಳ್ಳಲು ಗಾಳಿ ಸಾಲದು. ಇಳಿಸಿದ ಮೇಲೆ ಗಾಳಿ ಒಳಗೆ ಬಂದು ಪ್ರಮಾಣ ಕೂಡಿಬಿಡುತ್ತದೆ. ಎಥನಾಲ್ ಇನ್ನೂ ಜಾಗರೂಕತೆ ಕೇಳುತ್ತದೆ. ಅದರ ಪ್ರಮಾಣ ಸುಮಾರು ಶೇ 3.3ರಿಂದ 19. ಸುಮಾರು 25 ಡಿಗ್ರಿ ತಾಪದಲ್ಲಿ ಮುಚ್ಚಿದ ಟ್ಯಾಂಕಿನೊಳಗಿನ ಆವಿ ಶೇ 8ರ ಆಸುಪಾಸಿರುತ್ತದೆ. ಅಂದರೆ ನಮ್ಮ ಹವೆಯಲ್ಲಿ ತುಂಬಿದ ಎಥನಾಲ್ ಟ್ಯಾಂಕಿನ ಮೇಲ್ಭಾಗವೂ ಹೊತ್ತಿಕೊಳ್ಳುವ ಸ್ಥಿತಿಯಲ್ಲೇ ಇರುತ್ತದೆ. ಮ್ಯಾನ್‌ಹೋಲ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಹಾಕಿ ಇಣುಕುವ ಅಭ್ಯಾಸ ಹಲವರಿಗಿದೆ. ಅದನ್ನು ಕಲಿಯಬೇಡಿ. ಅರ್ತಿಂಗ್ ವೈರ್ (ಕಿಡಿ ಹಾರದಂತೆ ಟ್ಯಾಂಕಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿ) ಮುಚ್ಚಳ ತೆಗೆಯುವ ಮುಂಚೆ ಹಾಕುವುದು, ಎಲ್ಲ ಮುಗಿದ ಮೇಲೆ ಕೊನೆಗೆ ಬಿಚ್ಚುವುದು. ಈ ಕ್ರಮ ತಪ್ಪಿಸಿ ಪ್ರಶ್ನೆ ಕೇಳುತ್ತಾರೆ.

ಟ್ಯಾಂಕ್ ಬಾಯಿವರೆಗೆ ಯಾಕೆ ತುಂಬುವುದಿಲ್ಲ ಎಂಬುದಕ್ಕೂ ಲೆಕ್ಕವಿದೆ. ಎಥನಾಲ್ ಒಂದು ಡಿಗ್ರಿ ಬಿಸಿಗೆ ಸುಮಾರು ಶೇ 0.11ರಷ್ಟು ಹಿಗ್ಗುತ್ತದೆ. ಬೆಳಗ್ಗೆ 12,000 ಲೀಟರ್ ತುಂಬಿ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಏರಿದರೆ ಸುಮಾರು 130 ಲೀಟರ್ ಹೆಚ್ಚಾಗುತ್ತದೆ. ಅಷ್ಟು ಖಾಲಿ ಜಾಗ ಇಲ್ಲದಿದ್ದರೆ ಅದು ವೆಂಟಿನಿಂದ, ಅಂದರೆ ಆವಿ ಹೋಗುವ ಕಿಂಡಿಯಿಂದ, ಹೊರಗೆ ಬಂದೇ ಬರುತ್ತದೆ. ತಾಪ, ಒತ್ತಡ, ಮಟ್ಟ ಎಂದು ಪಠ್ಯದಲ್ಲಿ ಒಟ್ಟಿಗೆ ಹೇಳಿರುವುದು ಇದನ್ನೇ.

ಟ್ರೆಮ್ ಕಾರ್ಡ್ ಎಂದರೆ ಸರಕಿನ ಗುಣ, ಅಪಾಯ, ಚೆಲ್ಲಿದರೆ, ಬೆಂಕಿ ಬಿದ್ದರೆ, ಮೈಗೆ ತಾಗಿದರೆ ಏನು ಮಾಡಬೇಕು ಎಂದು ಬರೆದ ಹಾಳೆ. 133ನೇ ನಿಯಮದಂತೆ ಅದು ಕ್ಯಾಬಿನ್‌ನಲ್ಲಿ ಸದಾ ಸಿಗುವಂತಿರಬೇಕು. ಚೆಕ್ಕಿಂಗ್‌ನಲ್ಲಿ ಕಾಣುವ ತಪ್ಪು ಕಾರ್ಡ್ ಇಲ್ಲದಿರುವುದಲ್ಲ, ಮೂರು ನಾಲ್ಕು ಹಳೆಯ ಸರಕಿನ ಕಾರ್ಡ್ ಒಟ್ಟಿಗೆ ಇರುವುದು. ಅಪಘಾತವಾಗಿ ನೀವು ಪ್ರಜ್ಞೆ ತಪ್ಪಿದ್ದರೆ, ಬಂದವರು ಕೈಗೆ ಸಿಕ್ಕ ಮೊದಲನೆಯದನ್ನೇ ನಂಬುತ್ತಾರೆ. ಈಗಿನ ಲೋಡಿನದ್ದು ಮಾತ್ರ ಇಟ್ಟುಕೊಳ್ಳಿ.

ತುರ್ತು ಸಂದರ್ಭದ ಕ್ರಮವನ್ನು ಓದುವುದು ಸಾಲದು, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಎಂಜಿನ್ ಆಫ್, ಮಾಸ್ಟರ್ ಸ್ವಿಚ್ ಆಫ್, ಟ್ರೆಮ್ ಕಾರ್ಡ್ ಕೈಗೆ, ಗಾಳಿ ಬರುವ ದಿಕ್ಕಿಗೆ ನಡೆ, ಎರಡೂ ಕಡೆ ವಾಹನ ತಡೆ, ಬೀಡಿ ಸಿಗರೇಟು ಮೊಬೈಲು ಬೇಡ ಎನ್ನು, ದೂರ ಹೋಗಿ ಫೋನ್ ಮಾಡು. 136ನೇ ನಿಯಮದಂತೆ ಹತ್ತಿರದ ಪೊಲೀಸ್ ಠಾಣೆಗೂ ಗಾಡಿಯ ಮಾಲೀಕರಿಗೂ ತಕ್ಷಣ ತಿಳಿಸುವುದು ನಿಮ್ಮ ಹೊಣೆ. ಎಥನಾಲ್, ಪೆಟ್ರೋಲ್ ಸೋರಿಕೆಗೆ ತಕ್ಷಣದ ದೂರ ಕನಿಷ್ಠ 50 ಮೀಟರ್, ಟ್ಯಾಂಕಿಗೇ ಬೆಂಕಿ ತಾಗಿದ್ದರೆ 800 ಮೀಟರ್. ಎಲ್‌ಪಿಜಿ ಆದರೆ 100 ಮೀಟರ್ ಮತ್ತು 1,600 ಮೀಟರ್. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹರಿಯುತ್ತದೆ. 2012ರ ಆಗಸ್ಟ್‌ನಲ್ಲಿ ಕಣ್ಣೂರು ಬಳಿಯ ಚಾಲಾದಲ್ಲಿ, 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿದಾಗ ಬೆಂಕಿ ರಸ್ತೆಯಲ್ಲೇ ನಿಲ್ಲಲಿಲ್ಲ, ಪಕ್ಕದ ಮನೆಗಳನ್ನೂ ತಿಂದಿತು.

ಬೆಂಕಿ ಆರಿಸಬೇಕೇ? ಟೈರು, ವೈರಿಂಗ್, ಎಂಜಿನ್ ಬೆಂಕಿ ಸಣ್ಣದಿದ್ದರೆ ಡಿಸಿಪಿ (ಒಣ ಪುಡಿಯ) ಸಿಲಿಂಡರ್ ಹಿಡಿದು ಆರಿಸಿ; ಪಿನ್ ಎಳೆದು ಬೆಂಕಿಯ ಬುಡಕ್ಕೆ ಹೊಡೆಯಬೇಕು, ಅರ್ಧ ನಿಮಿಷದೊಳಗೆ ಅದು ಖಾಲಿಯಾಗುತ್ತದೆ ಎಂಬುದು ನೆನಪಿರಲಿ. ಸರಕಿಗೇ ತಾಗಿದ್ದರೆ ನಿಮ್ಮ ಕೆಲಸ ಜನರನ್ನು ದೂರ ಓಡಿಸುವುದು. ಸೋರುವ ಅನಿಲ ಉರಿಯುತ್ತಿದ್ದರೆ, ವಾಲ್ವ್ ಮುಚ್ಚಲು ಆಗದಿದ್ದರೆ ಜ್ವಾಲೆ ಆರಿಸಬಾರದು. ಆರಿಸಿದರೆ ಅನಿಲ ಉರಿಯದೆ ಹರಡಿ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಈ ಪ್ರಶ್ನೆಗೆ ಧೈರ್ಯವಂತರೇ ಹೆಚ್ಚು ತಪ್ಪು ಬರೆಯುತ್ತಾರೆ.

ಏಜೆಂಟ್ ವಿಷಯಕ್ಕೆ ಬರೋಣ. ತರಬೇತಿಗೆ ಹೋಗದೆ ಬಂದ ಸರ್ಟಿಫಿಕೇಟ್ ಸುಳ್ಳು ದಾಖಲೆ, ಅದರ ಮೇಲೆ ಹೆಸರು, ಸಹಿ ನಿಮ್ಮದು. ಅಪಾಯಕಾರಿ ಸರಕು ಸಾಗಣೆಯ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ನಿನಡಿ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಸುಳ್ಳು ದಾಖಲೆಯ ಕೇಸು ಅದಕ್ಕಿಂತ ಬೇರೆ. ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ನೋಡುವುದೇ ಡಿಎಲ್. ಆ ಹೊತ್ತಿಗೆ ಏಜೆಂಟ್ ಫೋನ್ ಎತ್ತುವುದಿಲ್ಲ, ಮಾಲೀಕರು ಗೊತ್ತಿರಲಿಲ್ಲ ಅನ್ನುತ್ತಾರೆ.

ನಾಳೆಯೇ ತರಬೇತಿಗೆ ಸೇರುವುದು ಇನ್ನೊಂದು ದಾರಿ. ತಪ್ಪೇನಿಲ್ಲ, ಆದರೆ ಇಂಗ್ಲಿಷ್ ಪದ ಗೊತ್ತಿಲ್ಲದೆ ಹೋದರೆ ಮೂರನೇ ದಿನದ ಸರಕಿನ ಸುರಕ್ಷತೆಯ ಪಾಠ ತಲೆಯ ಮೇಲಿಂದ ಹೋಗುತ್ತದೆ. ನನ್ನ ಸಲಹೆ, ಮಾಲೀಕರ ಹತ್ತಿರ ಒಂದು ತಿಂಗಳು ಕೇಳಿಕೊಳ್ಳಿ. ಮೊದಲ ಎರಡು ವಾರ ಪದ ಮತ್ತು ವರ್ಗದ ಚಿತ್ರ, ಮೂರನೇ ವಾರ ಹ್ಯಾಜ್‌ಕೆಮ್ ಮತ್ತು ಫಲಕ. ರಸ್ತೆಯಲ್ಲಿ ಕಂಡ ಪ್ರತಿ ಟ್ಯಾಂಕರಿನ ಕೋಡ್ ಓದಿ ಬಿಡಿಸಿ. ನಾಲ್ಕನೇ ವಾರ ಎಥನಾಲ್ ಟ್ರೆಮ್ ಕಾರ್ಡನ್ನು ಕಾರ್ಖಾನೆಯಿಂದ ಕೇಳಿ ಪಡೆದು ಸಾಲು ಸಾಲಾಗಿ ಓದಿ. ಇದರಲ್ಲಿರುವ ಅಪಾಯ ಒಂದೇ, ಅಷ್ಟರಲ್ಲಿ ಆ ಕೆಲಸ ಇನ್ನೊಬ್ಬರಿಗೆ ಹೋಗಬಹುದು. ಹೋದರೂ ಲೈಸೆನ್ಸ್ ಇದ್ದವರಿಗೆ ಟ್ಯಾಂಕರ್ ಕೆಲಸ ಮತ್ತೆ ಸಿಗುತ್ತದೆ. ಲೈಸೆನ್ಸ್ ಆಗುವವರೆಗೆ ಸ್ವಲ್ಪ ದೂರ ಓಡಿಸಿ ನೋಡು ಎಂದರೆ ಮಾತ್ರ ಒಪ್ಪಬೇಡಿ.

ಸಂಸ್ಥೆಗೆ ರಾಜ್ಯದ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಪಾಸಾದ ಮೇಲೆ ಸರ್ಟಿಫಿಕೇಟ್ ಮತ್ತು ಡಿಎಲ್ ಜೊತೆ ನೀವು ವಾಸವಿರುವ ವ್ಯಾಪ್ತಿಯ ಆರ್‌ಟಿಓಗೆ ಅರ್ಜಿ, ಸಾರಥಿ ಪೋರ್ಟಲಿನ (ಸರ್ಕಾರದ ಲೈಸೆನ್ಸ್ ವೆಬ್‌ಸೈಟ್) ಮೂಲಕ. ಶುಲ್ಕವನ್ನು ಮಾಲೀಕರು ಕಟ್ಟಿದರೂ ಸರ್ಟಿಫಿಕೇಟಿನ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. 2019ರ ತಿದ್ದುಪಡಿಯಿಂದ ಹಜಾರ್ಡಸ್ ಅವಧಿ ಮೂರು ವರ್ಷ, ಮೊದಲು ಒಂದೇ ವರ್ಷ ಇತ್ತು. ಮಾಮೂಲಿ ಟ್ರಾನ್ಸ್‌ಪೋರ್ಟ್ ಅವಧಿ ಐದು ವರ್ಷ. ಎರಡು ದಿನಾಂಕ ಬೇರೆ ಬೇರೆ ಇರುವುದರಿಂದ ಜನ ಮುಂಬದಿಯ ದಿನಾಂಕ ನೋಡಿ ಇನ್ನೂ ಟೈಮಿದೆ ಎಂದುಕೊಳ್ಳುತ್ತಾರೆ. ಹೊಸ ಕಾರ್ಡಿನಲ್ಲಿ ಹಜಾರ್ಡಸ್ ದಿನಾಂಕ ಹಿಂಬದಿಯಲ್ಲಿರುತ್ತದೆ. ನವೀಕರಣಕ್ಕೆ ಒಂದು ದಿನದ ಮರುತರಬೇತಿ ಕಡ್ಡಾಯ. ಆ ತರಬೇತಿಗೆ ಸೀಟು ಸಿಗುವುದು ತಡವಾಗಬಹುದು, ಆದ್ದರಿಂದ ದಿನಾಂಕಕ್ಕೆ ಎರಡು ತಿಂಗಳ ಮುಂಚೆಯೇ ಹೆಸರು ಕೊಡಿ.